ಐಬಿ ಅಥವಾ ಸಿಬಿಐ: ಕಾನೂನು ಕೊಡುವುದೇನು, ಕಸಿಯುವುದೇನು

ಕೇಂದ್ರದ ಗುಪ್ತಚರ ಸಂಸ್ಥೆಯಾದ ಐಬಿಯ ಸಹಾಯಕ ಕೇಂದ್ರೀಯ ಗುಪ್ತಚರ ಅಧಿಕಾರಿ ಹುದ್ದೆಗೂ ಕೇಂದ್ರದ ತನಿಖಾ ಸಂಸ್ಥೆಯಾದ ಸಿಬಿಐನ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೂ ಏಳನೇ ವೇತನ ಆಯೋಗದ ಒಂದೇ ಹಂತ, ಅಂದರೆ 44,900 ರೂಪಾಯಿಯ ಆರಂಭಿಕ ಮೂಲವೇತನ ಅನ್ವಯಿಸುತ್ತದೆ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸುವಾಗ ಸಂಬಳಕ್ಕಿಂತ ಮೊದಲು ಕಾನೂನನ್ನು ನೋಡಬೇಕು.

ಐಬಿಯನ್ನು ಸ್ಥಾಪಿಸಿದ ಪ್ರತ್ಯೇಕ ಕಾಯ್ದೆಯೇ ಇಲ್ಲ. ಅಲ್ಲಿನ ಅಧಿಕಾರಿಗೆ ಬಂಧಿಸುವ ಅಧಿಕಾರವಿಲ್ಲ. ಮಾಹಿತಿ ಕಲೆಹಾಕಿದ ಮೇಲೆ ಮುಂದಿನ ಕ್ರಮವನ್ನು ಪೊಲೀಸರಿಗೆ ಬಿಡಬೇಕಾಗುತ್ತದೆ. ಮೂಲವೇತನದ ಶೇ. 20ರಷ್ಟು ವಿಶೇಷ ಭದ್ರತಾ ಭತ್ಯೆ ಸಿಗುತ್ತದೆ ನಿಜ, ಆದರೆ ಅದು ಬಂದಿರುವುದು ಸರ್ಕಾರಿ ಆದೇಶದಿಂದ, ಶಾಸನದಿಂದಲ್ಲ. ಶಾಸನ ಮಾತನಾಡುವುದು ನಿರ್ಬಂಧದ ವಿಷಯದಲ್ಲಿ: ಗುಪ್ತಚರ ಸಂಸ್ಥೆಗಳ ನೌಕರರ ಹಕ್ಕುಗಳನ್ನು ಮಿತಿಗೊಳಿಸುವ 1985ರ ಕಾಯ್ದೆಯು ಕಾರ್ಮಿಕ ಸಂಘ ಸೇರುವುದನ್ನೂ ಅನುಮತಿಯಿಲ್ಲದೆ ಪತ್ರಿಕೆಗಳೊಂದಿಗೆ ಮಾತನಾಡುವುದನ್ನೂ ತಡೆಯುತ್ತದೆ, ಮೀರಿದರೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಅನ್ಯಾಯವಾದಾಗ ಒಗ್ಗೂಡಿ ಕೇಳುವ ದಾರಿಯೇ ಮುಚ್ಚಿರುವುದನ್ನು ನಾನು ಬಹಳ ಗಂಭೀರವಾಗಿ ಪರಿಗಣಿಸುತ್ತೇನೆ.

ಸಿಬಿಐಗೆ 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆಯ ಬಲವಿದೆ; ತನಿಖೆ, ಬಂಧನ ಎರಡೂ ಸಾಧ್ಯ. ಆದರೆ ರಾಜ್ಯದೊಳಗೆ ತನಿಖೆ ನಡೆಸಲು ಅದೇ ಕಾಯ್ದೆಯ 6ನೇ ಕಲಂ ಆ ರಾಜ್ಯದ ಒಪ್ಪಿಗೆಯನ್ನು ಕೇಳುತ್ತದೆ. ಕರ್ನಾಟಕ 2024ರ ಸೆಪ್ಟೆಂಬರ್‌ನಲ್ಲಿ ಸಾಮಾನ್ಯ ಒಪ್ಪಿಗೆಯನ್ನು (ಪ್ರತಿ ಪ್ರಕರಣಕ್ಕೂ ಬೇರೆ ಬೇರೆಯಾಗಿ ಕೇಳಬೇಕಿಲ್ಲದ ಒಪ್ಪಿಗೆ) ಹಿಂಪಡೆದಿರುವುದರಿಂದ, ನ್ಯಾಯಾಲಯದ ಆದೇಶವಿಲ್ಲದ ಪ್ರಕರಣಗಳಲ್ಲಿ ಇಲ್ಲಿ ಪ್ರತ್ಯೇಕ ಅನುಮತಿ ಬೇಕು.

2004ರ ಜನವರಿಯಿಂದ ಸೇರಿದವರಿಗೆ ಸಾಮಾನ್ಯವಾಗಿ ಎರಡರಲ್ಲೂ ಹಳೆಯ ಪಿಂಚಣಿಯಿಲ್ಲ. ಪ್ರಕರಣವನ್ನು ನ್ಯಾಯಾಲಯದವರೆಗೆ ಒಯ್ಯುವ ಹಂಬಲವಿರುವವರಿಗೆ ಸಿಬಿಐ ಸೂಕ್ತ. ಹೆಸರು ಹೊರಬಾರದ ಕೆಲಸವನ್ನು ಮನಃಪೂರ್ವಕವಾಗಿ ಒಪ್ಪುವವರು ಐಬಿಯನ್ನು ಆರಿಸಲಿ.