ಆಭರಣ ತಯಾರಿಕೆ ಕಲಿಯಲು ಫೀಸು ಕಟ್ಟುವ ಮುಂಚೆ ಅಲ್ಲಿ ತಕ್ಕಡಿ ಇದೆಯಾ ನೋಡಿ

‘ಆರು ತಿಂಗಳಲ್ಲಿ ಜ್ಯುವೆಲರಿ ಮೇಕಿಂಗ್ ಡಿಪ್ಲೊಮಾ, ನೂರಕ್ಕೆ ನೂರು ಕೆಲಸ ಗ್ಯಾರಂಟಿ’ ಎನ್ನುವ ಜಾಹೀರಾತು ನೋಡಿ ಹಣ ಹೊಂದಿಸಿಕೊಳ್ಳುತ್ತಿರುವವರು ದಯವಿಟ್ಟು ಇದನ್ನು ಓದಿ. ಬೆಂಗಳೂರಿನ ಅಂಥದೊಂದು ಸಂಸ್ಥೆಯಲ್ಲಿ ನಾನು ಪೂರ್ತಿ ಕೋರ್ಸ್ ಮುಗಿಸಿದ್ದೇನೆ. ಹೋಗಿದ್ದು 1,40,000 ರೂಪಾಯಿ, ಅದರಲ್ಲಿ ಅರ್ಧ ಅಪ್ಪ ಸೊಸೈಟಿಯಲ್ಲಿ ಎತ್ತಿದ ಸಾಲ. ಸರ್ಟಿಫಿಕೇಟ್ ಕೈಗೆ ಬಂದ ದಿನವೂ ನನಗೆ ಒಂದು ಉಂಗುರಕ್ಕೆ ನೆಟ್ಟಗೆ ಬೆಸುಗೆ ಹಾಕಲು ಬರುತ್ತಿರಲಿಲ್ಲ.

ಸೇರುವ ಮೊದಲು ಅವರು ತೋರಿಸುವ ಕೋಣೆ ಚೆನ್ನಾಗಿಯೇ ಇರುತ್ತದೆ. ಅರ್ಧಚಂದ್ರಾಕಾರವಾಗಿ ಕೊರೆದ ಮೇಜುಗಳು, ಅರ ಉಜ್ಜಿದ ಪುಡಿ ನೆಲಕ್ಕೆ ಬೀಳದಂತೆ ಕೆಳಗೆ ಕಟ್ಟಿದ ಚರ್ಮ, ಸಾಲಾಗಿ ನೇತುಹಾಕಿದ ಚಿಮಟ, ಗರಗಸ, ಅರಗಳು. ಆದರೆ ಆ ಚರ್ಮದ ಮೇಲೆ ಒಂದು ಕಣ ಪುಡಿಯೂ ಇರಲಿಲ್ಲ, ಮೇಜಿನ ಮರಕ್ಕೆ ಸುಟ್ಟ ಕಲೆ ಇರಲಿಲ್ಲ. ದಿನಾ ಕೆಲಸ ನಡೆಯುವ ಮೇಜು ಹಾಗೆ ಇರಲು ಸಾಧ್ಯವೇ ಇಲ್ಲ.

ತರಗತಿಯ ಬಹುಪಾಲು ಸಮಯ ಕಳೆದದ್ದು ಕಂಪ್ಯೂಟರ್ ಮುಂದೆ, ಕ್ಯಾಡ್ ಎಂಬ ವಿನ್ಯಾಸದ ಸಾಫ್ಟ್‌ವೇರ್ ಕಲಿಯುತ್ತಾ. ಕ್ಯಾಡ್ ಒಳ್ಳೆಯ ವಿದ್ಯೆ, ಅದರಲ್ಲೂ ಕೆಲಸಗಳಿವೆ. ಆದರೆ ಕಂಪ್ಯೂಟರಿನಲ್ಲಿ ಬರೆದ ವಿನ್ಯಾಸ ಮೇಣದಲ್ಲಿ ಪ್ರಿಂಟ್ ಆಗಿ, ಎರಕವಾಗಿ ಬಂದ ಮೇಲೂ ಅದನ್ನು ಅರದಿಂದ ಉಜ್ಜಿ, ಭಾಗಗಳನ್ನು ಕೂಡಿಸಿ, ಹರಳು ಕೂರಿಸಿ, ಪಾಲಿಶ್ ಮಾಡಬೇಕಾದ್ದು ಮೇಜಿನ ಮುಂದೆ ಕೂತವನ ಕೈಯೇ. ನಾನು ದುಡ್ಡು ಕಟ್ಟಿದ್ದು ಆ ಕೈಕೆಲಸ ಕಲಿಯಲು.

ಮೇಜಿನ ಕೆಲಸದ ದಿನಗಳಲ್ಲಿ ನಮಗೆ ಕೊಡುತ್ತಿದ್ದದ್ದು ತಾಮ್ರ, ಹಿತ್ತಾಳೆ. ಗರಗಸ ಹಿಡಿಯಲು, ಅರ ಹಿಡಿಯಲು ತಾಮ್ರ ಸಾಕು, ಎಲ್ಲೆಡೆಯೂ ಹಾಗೇ ಶುರುಮಾಡಿಸುತ್ತಾರೆ. ಅಲ್ಲಿಗೇ ನಿಂತರೆ ಮಾತ್ರ ಅನ್ಯಾಯ. ಬೆಳ್ಳಿ ಹಾಕಿ ಎಂದು ಕೇಳಿದಾಗಲೆಲ್ಲ ‘ಮುಂದಿನ ಬ್ಯಾಚಿನ ಸಾಮಾನು ಬರಲಿ’ ಎನ್ನುತ್ತಿದ್ದರು. ಕೋರ್ಸಿನ ಕೊನೆಯಲ್ಲಿ ಒಂದು ತುಂಡು ಬೆಳ್ಳಿ ತಂತಿ ಬಂತು, ಅದನ್ನು ಮೇಷ್ಟ್ರು ಬೆಸೆದು ತೋರಿಸಿದರು, ನಾವು ಸುತ್ತ ನಿಂತು ನೋಡಿದೆವು. ಇಡೀ ಬ್ಯಾಚಿಗೆ ಇದ್ದದ್ದು ಬೆಸುಗೆಗೆ ಉರಿ ಕೊಡುವ ಒಂದೇ ಟಾರ್ಚ್.

ಇದರ ಬೆಲೆ ಗೊತ್ತಾದದ್ದು ಬೆಂಗಳೂರಿನ ನಗರ್ತಪೇಟೆಯಲ್ಲಿ. ಅಲ್ಲಿನ ಒಂದು ಮಹಡಿಯ ಮೇಲಿನ ಕಾರ್ಖಾನೆಗೆ ಕೆಲಸ ಕೇಳಿಕೊಂಡು ಹೋದೆ. ಬಂಗಾಳದ ಕಾರಿಗರು ಸಾಲಾಗಿ ಕೂತಿದ್ದರು, ಮೂಲೆಯಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಆಚಾರ್ರು. ಸರ್ಟಿಫಿಕೇಟ್ ತೆಗೆದರೆ ಅವರು ನೋಡಲೇ ಇಲ್ಲ. ಬೆಳ್ಳಿ ತಂತಿ ಸುತ್ತಿ ಮಾಡಿದ ಒಂದು ಉಂಗುರ ಮುಂದಿಟ್ಟು, ‘ಇದರ ಬಾಯಿ ಕೂಡಿಸಮ್ಮ’ ಎಂದರು. ಬೆಸುಗೆ ಸರಾಗವಾಗಿ ಹರಿಯಲೆಂದು ಬಿಳಿಗಾರ ಹಚ್ಚಿದೆ, ಬೆಸುಗೆಯ ತುಣುಕು ಇಟ್ಟೆ, ಉರಿಯನ್ನು ನೇರ ಜೋಡಣೆಯ ಮೇಲೆ ಹಿಡಿದೆ. ತುಣುಕು ಕರಗಿ ಉಂಡೆಯಾಗಿ ಒಂದು ಬದಿಗೆ ಓಡಿತು, ಬಾಯಿ ತೆರೆದೇ ಇತ್ತು. ಇನ್ನಷ್ಟು ಕಾಯಿಸಿದೆ, ತಂತಿಯೇ ಕುಸಿಯಿತು.

ಆಚಾರ್ರು ಬೈಯಲಿಲ್ಲ. ಇನ್ನೊಂದು ಉಂಗುರ ತೆಗೆದುಕೊಂಡು ಮೊದಲು ಬಾಯಿಯ ಎರಡು ಅಂಚನ್ನೂ ಸಂದು ಕಾಣದಂತೆ ಉಜ್ಜಿದರು. ಆಮೇಲೆ ಉರಿಯನ್ನು ಉಂಗುರದ ಹಿಂಬದಿಯಿಂದ ಸುತ್ತ ಆಡಿಸುತ್ತಾ ಇಡೀ ಉಂಗುರವನ್ನೇ ಕಾಯಿಸಿದರು. ‘ಬೆಳ್ಳಿ ಶಾಖ ಹಿಡಿದಿಟ್ಟುಕೊಳ್ಳಲ್ಲ, ಎಲ್ಲಾ ಕಡೆ ಹಂಚಿಬಿಡತ್ತೆ. ಬೆಸುಗೆ ಯಾವ ಕಡೆ ಬಿಸಿ ಜಾಸ್ತಿಯೋ ಆ ಕಡೆಗೇ ಓಡತ್ತೆ, ಎರಡು ತುದಿನೂ ಒಟ್ಟಿಗೆ ಕಾಯಬೇಕು.’ ಅವರು ಹೇಳಿ ಮುಗಿಸುವಷ್ಟರಲ್ಲಿ ಬೆಸುಗೆ ಮಿಂಚಿನ ಗೆರೆಯಾಗಿ ಸಂದಿಯೊಳಗೆ ಹರಿದುಹೋಯಿತು. ಈ ಎರಡು ಮಾತನ್ನು ಆ ಸಂಸ್ಥೆಯಲ್ಲಿ ಯಾರೂ ನಮಗೆ ಹೇಳಿರಲಿಲ್ಲ.

ಆ ಕಾರ್ಖಾನೆಯಲ್ಲಿ ಇನ್ನೊಂದು ಕಂಡೆ. ಬೆಳಗ್ಗೆ ಕೊಡುವ ಲೋಹವನ್ನು ತೂಗಿ ಬರೆದುಕೊಳ್ಳುತ್ತಾರೆ, ಸಂಜೆ ಒಡವೆ, ಚೂರು, ಪುಡಿ ಎಲ್ಲವನ್ನೂ ತೂಗಿ ವಾಪಸ್ ತೆಗೆದುಕೊಳ್ಳುತ್ತಾರೆ. ಕಡಿಮೆ ಬಿದ್ದದ್ದಕ್ಕೆ ಕಾರಿಗರ ಲೆಕ್ಕ ಕೊಡಬೇಕು. ಈ ವೃತ್ತಿಯ ಮೊದಲ ಪಾಠವೇ ಅದು. ನಮ್ಮ ತರಗತಿಯಲ್ಲಿ ತಕ್ಕಡಿಯೇ ಇರಲಿಲ್ಲ. ತೂಗುವಂಥ ಲೋಹ ಕೊಡದ ಜಾಗದಲ್ಲಿ ತಕ್ಕಡಿ ಯಾಕೆ ಬೇಕು?

ದುಡ್ಡಿಗಿಂತ ನನಗೆ ಹೆಚ್ಚು ಸಿಟ್ಟು ತರಿಸುವುದು ಹೊಗೆಯ ವಿಷಯ. ಅಭ್ಯಾಸಕ್ಕೆ ಅವರು ಕೊಡುತ್ತಿದ್ದದ್ದು ಕೆಡಿಎಂ ಬೆಸುಗೆ, ಅಂದರೆ ಕ್ಯಾಡ್ಮಿಯಂ ಸೇರಿದ್ದು. ಕ್ಯಾಡ್ಮಿಯಂ 767 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಬೆಳ್ಳಿ ಕರಗುವುದಕ್ಕೇ 961 ಡಿಗ್ರಿ ಬೇಕು. ಹಾಗಾಗಿ ಉರಿ ಸ್ವಲ್ಪ ಹೆಚ್ಚಾದರೂ ಅದು ಹೊಗೆಯಾಗಿ ಏಳುತ್ತದೆ. ಆ ಹೊಗೆ ಶ್ವಾಸಕೋಶ, ಮೂತ್ರಪಿಂಡ ಎರಡಕ್ಕೂ ವಿಷ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುವಾಗ, ಎಕ್ಸಾಸ್ಟ್ ಫ್ಯಾನ್ ಕೂಡ ಇಲ್ಲದ ಎಸಿ ಕೋಣೆಯಲ್ಲಿ, ಹದಿನೆಂಟು ಹತ್ತೊಂಬತ್ತರ ಮಕ್ಕಳ ಮುಂದೆ ಇದನ್ನು ಸುಡಿಸುತ್ತಿದ್ದರು. ಸಂಜೆ ಗಂಟಲು ಒಣಗಿ ಕೆಮ್ಮು ಬರುತ್ತದೆ ಎಂದರೆ ‘ಅಭ್ಯಾಸ ಆಗುತ್ತೆ’ ಎಂಬ ಉತ್ತರ.

ಕೆಲಸದ ಗ್ಯಾರಂಟಿ ಎಂದರೆ ಏನು ಗೊತ್ತೆ? ಷೋರೂಮ್ ಕೌಂಟರಿನಲ್ಲಿ ಒಡವೆ ಮಾರುವ ಕೆಲಸ. ಒಪ್ಪದಿದ್ದರೆ ‘ಅವಕಾಶ ಕೊಟ್ಟೆವು, ಅಭ್ಯರ್ಥಿ ನಿರಾಕರಿಸಿದರು’ ಎಂದು ಬರೆದುಕೊಂಡು ಕೈತೊಳೆದುಕೊಂಡರು. ಸೇರುವಾಗ ‘ವೆರಿಫಿಕೇಶನ್‌ಗೆ’ ಎಂದು ಇಸಿದುಕೊಂಡಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಮೂಲ ಪ್ರತಿಯನ್ನು ನನ್ನ ಗೆಳತಿಗೆ ಕೊನೆಯ ಕಂತು ಕಟ್ಟುವವರೆಗೂ ಕೊಡಲಿಲ್ಲ. ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಕೊಡಬೇಡಿ, ತೋರಿಸಿ ಜೆರಾಕ್ಸ್ ಕೊಟ್ಟು ಬನ್ನಿ.

ಇನ್ನೊಂದು ಆಮಿಷ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯದ್ದು. ‘15,000 ರೂಪಾಯಿಯ ಟೂಲ್‌ಕಿಟ್ ಕೊಡಿಸುತ್ತೇವೆ’ ಎಂದು ಬೇರೆಯಾಗಿ 3,000 ವಸೂಲಿ ಮಾಡಿದರು. 2023ರ ಸೆಪ್ಟೆಂಬರಿನಲ್ಲಿ ಶುರುವಾದ ಆ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಕೆಯೂ ಇದೆ, ಟೂಲ್‌ಕಿಟ್ ನೆರವೂ ನಿಜ, ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆಯೂ ನಿಜ. ಆದರೆ ಅದು ಈಗಾಗಲೇ ಸ್ವಂತವಾಗಿ ಆ ಕಸುಬು ಮಾಡುತ್ತಿರುವವರಿಗೆ. ಅರ್ಜಿ ಹಾಕುವುದು ಸಿಎಸ್‌ಸಿ ಎಂಬ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಉಚಿತವಾಗಿ. ಕಲಿಯಲು ಬಂದವರ ಹತ್ತಿರ ಅದರ ಹೆಸರಲ್ಲಿ ಹಣ ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

ಸೇರಲೇಬೇಕು ಎಂದಿದ್ದರೆ, ಕೆಲಸ ನಡೆಯುವ ಹೊತ್ತಿಗೆ ಹೇಳದೆ ಹೋಗಿ ನೋಡಿ. ಹಿಂದಿನ ಬ್ಯಾಚಿನವರು ಮಾಡಿದ ವಸ್ತು ತೋರಿಸಿ ಎನ್ನಿ. ಫೋಟೋ ಬೇಡ, ಕೈಗೆ ಕೊಡಲಿ. ಉಂಗುರ ತಿರುಗಿಸಿ ಒಳಬದಿಯ ಬೆಸುಗೆ ನೋಡಿ. ಒಬ್ಬರಿಗೆ ಎಷ್ಟು ಗ್ರಾಂ ಬೆಳ್ಳಿ, ಎಷ್ಟು ಜನಕ್ಕೆ ಒಂದು ಟಾರ್ಚ್ ಎಂದು ಕೇಳಿ, ಉತ್ತರವನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ. ನನ್ನ ರಸೀದಿಯಲ್ಲಿ ‘ನೋಂದಣಿ ಮತ್ತು ಸಾಮಗ್ರಿ ವೆಚ್ಚ, ಮರಳಿಸಲಾಗದು’ ಎಂದಷ್ಟೇ ಇದೆ. ಈಗ ಅದನ್ನೇ ಹಿಡಿದು ವಾದಿಸುತ್ತಿದ್ದಾರೆ.

ನಾನು ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆ, ಆಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಹಾಕಿದೆ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ಆದರೆ 2 ವರ್ಷದೊಳಗೆ ದೂರು ಕೊಡಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್, ರಸೀದಿ, ವಾಟ್ಸಾಪ್ ಸಂದೇಶ ಯಾವುದನ್ನೂ ಅಳಿಸಬೇಡಿ. ಇಂಥದ್ದೇ ಕೋರ್ಸಿಗೆ ಹಣ ಕಟ್ಟಿ ಸುಮ್ಮನಾಗಿರುವವರು ಇದ್ದರೆ, ನಿಮ್ಮ 2 ವರ್ಷ ಯಾವಾಗ ಮುಗಿಯುತ್ತದೆ ಎಂದು ಇವತ್ತೇ ಲೆಕ್ಕ ಹಾಕಿ ನೋಡಿಕೊಳ್ಳಿ.