ಬೇಕರಿ ಮೇಲಿನ ಲ್ಯಾಬು

ಸಾಗರ ಪೇಟೆಯಲ್ಲಿ ಒಂದು ಬೇಕರಿ. ಅದರ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಲ್ಯಾಬು ಸಿಗುತ್ತದೆ. ಅಲ್ಲಿ ರಕ್ತ ತೆಗೆಯುವ ಅಕ್ಕ ತನ್ನ ಹೆಸರು ಎಲ್ಲೂ ಬರುವುದು ಬೇಡ ಅಂದರು, ಹಾಗಾಗಿ ಲ್ಯಾಬಿನ ಹೆಸರನ್ನೂ ಬರೆದಿಲ್ಲ. ಥೈರಾಯ್ಡ್ ಇಟ್ಟುಕೊಂಡು ಮಗುವಿಗಾಗಿ ಕಾಯುತ್ತಿರುವ ಹೆಂಗಸರು ಈ ಲ್ಯಾಬಿನ ಬಗ್ಗೆ ತಿಳಿದುಕೊಳ್ಳಲಿ ಅಂತ ಬರೆಯುತ್ತಿದ್ದೇನೆ.

ನನಗೆ ಹಾಶಿಮೊಟೊ ಇರುವುದು ಗೊತ್ತಾಗಿದ್ದು 2021ರಲ್ಲಿ. ನಮ್ಮ ದೇಹವೇ ಥೈರಾಯ್ಡ್ ಗ್ರಂಥಿಯನ್ನು ಹೊರಗಿನದು ಅಂದುಕೊಂಡು ಮೆಲ್ಲಗೆ ಹಾಳು ಮಾಡುವ ಕಾಯಿಲೆ ಅದು. ಥೈರಾಯ್ಡ್ ಹಾರ್ಮೋನಿನ 75 ಮೈಕ್ರೋಗ್ರಾಂ ಮಾತ್ರೆ ಶುರುವಾಯಿತು, ಒಂದೂವರೆ ವರ್ಷ ಎಲ್ಲ ಸರಿಯಾಗೇ ಇತ್ತು. 2023ರ ಮಾರಿಜಾತ್ರೆಗೆ ಬಂದ ನೆಂಟರೆಲ್ಲ "ಏನಾದ್ರೂ ವಿಶೇಷ ಇದ್ಯಾ?" ಅಂತ ಕೇಳಿಯೇ ಹೋದರು. ನಾವೂ ಆಗಷ್ಟೇ ಮಗು ಬೇಕು ಅಂತ ನಿರ್ಧಾರ ಮಾಡಿದ್ದೆವು.

ಅದೇ ಹೊತ್ತಿಗೆ ಕೂದಲು ವಿಪರೀತ ಉದುರತೊಡಗಿತು. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಮಾತ್ರೆ ತಂದೆ, ದಿನಕ್ಕೊಂದು ನುಂಗುತ್ತಿದ್ದೆ. ವಿಟಮಿನ್ನು ತಾನೇ, ಏನಾಗುತ್ತದೆ ಅಂದುಕೊಂಡೆ. ಕೆಲವು ತಿಂಗಳ ಮೇಲೆ ಬೆಂಗಳೂರಿಗೆ ನನ್ನ ಸ್ವಂತ ಅಕ್ಕನ ಮನೆಗೆ ಹೋದಾಗ ಅಲ್ಲೇ ಒಂದು ದೊಡ್ಡ ಲ್ಯಾಬಿನಲ್ಲಿ ಪೂರ್ತಿ ಚೆಕಪ್ ಮಾಡಿಸಿದೆ. ಮೈಯಲ್ಲಿ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಏರುವ, ಜಾಸ್ತಿಯಾದರೆ ಇಳಿಯುವ ಟಿಎಸ್‌ಎಚ್ 0.2 ಬಂತು, ಟಿ4, ಅಂದರೆ ಥೈರಾಯ್ಡ್ ಹಾರ್ಮೋನು, ಮೇಲಿನ ಗೆರೆ ದಾಟಿತ್ತು. ಊರಿಗೆ ಬಂದು ತೋರಿಸಿದರೆ ಡಾಕ್ಟರು ಡೋಸ್ ಜಾಸ್ತಿಯಾಗಿದೆ ಅಂತ 50ಕ್ಕೆ ಇಳಿಸಿದರು. ಅವರನ್ನು ಬೈಯಲಾರೆ. ಕೈಯಲ್ಲಿದ್ದ ಕಾಗದ ಹಾಗೇ ಹೇಳುತ್ತಿತ್ತು. ಕೂದಲಿನ ಮಾತ್ರೆಯ ವಿಷಯ ನಾನೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಆಮೇಲಿನ ಎಂಟು ತಿಂಗಳು ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ತರಗತಿಯಲ್ಲಿ ನಿಂತು ಪಾಠ ಮಾಡಲಾಗದೆ ಕುರ್ಚಿ ಎಳೆದುಕೊಳ್ಳುತ್ತಿದ್ದೆ. ಮುಟ್ಟು ನಲವತ್ತು ದಿನಕ್ಕೆ, ನಲವತ್ತೈದು ದಿನಕ್ಕೆ ಬರುತ್ತಿತ್ತು. ಡೇಟ್ ಮುಂದೆ ಹೋದಾಗಲೆಲ್ಲ ಆಸೆಯಾಗುವುದು, ಕಿಟ್ ತಂದು ನೋಡುವುದು, ಒಂದೇ ಗೆರೆ. ಎಲ್ಲ ಹಾರ್ಮೋನ್ ಕೊರತೆಯ ಲಕ್ಷಣವೇ. ರಿಪೋರ್ಟಿನಲ್ಲಿ ಮಾತ್ರ ನಾನು ಕೊರತೆಯವಳೇ ಅಲ್ಲ, ಹೆಚ್ಚಿನವಳು.

ಮರು ಟೆಸ್ಟಿಗೆ ಬೆಂಗಳೂರಿಗೆ ಹೋಗಲು ರಜೆ ಸಿಗಲಿಲ್ಲ. ಹಾಗಾಗಿ ಬೇಕರಿ ಮೇಲಿನ ಲ್ಯಾಬಿಗೆ ಹೋದೆ.

ಲ್ಯಾಬಿನ ಅಕ್ಕ ಸೂಜಿ ತೆಗೆಯಲಿಲ್ಲ. ಮೊದಲು ಒಂದು ನೋಟ್‌ಬುಕ್ ತೆರೆದು ಕೇಳಿದರು: "ಟೀಚರ್, ಥೈರಾಯ್ಡ್ ಮಾತ್ರೆ ನುಂಗಿ ಬಂದ್ರಾ, ನುಂಗದೆ ಬಂದ್ರಾ?" ನುಂಗಿದ್ದೆ. "ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ?" ಇಲ್ಲ. "ಕೂದಲಿಗೆ, ಉಗುರಿಗೆ ಅಂತ ಏನಾದ್ರೂ?" ಬ್ಯಾಗಿನಲ್ಲೇ ಇದ್ದ ಸ್ಟ್ರಿಪ್ ತೆಗೆದು ಕೊಟ್ಟೆ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದುಗಡೆಯ ಸಣ್ಣ ಅಕ್ಷರದ ಮೇಲೆ ಉಗುರಿಟ್ಟು ತೋರಿಸಿದರು. ಬಯೋಟಿನ್ ಅನ್ನುವ ವಿಟಮಿನ್, 10 ಎಂಜಿ. "ಇವತ್ತು ರಕ್ತ ಬೇಡ. ಇದನ್ನ ನಾಲ್ಕು ದಿನ ನಿಲ್ಸಿ ಬನ್ನಿ. ದುಡ್ಡು ಅವತ್ತೇ ಕೊಡಿ."

ಬಂದ ಗಿರಾಕಿಯನ್ನು ಹಾಗೇ ವಾಪಸ್ ಕಳಿಸಿದ ಲ್ಯಾಬನ್ನು ನಾನು ನೋಡಿದ್ದು ಅದೇ ಮೊದಲು.

ಸಂಗತಿ ಇಷ್ಟು. ಹಾರ್ಮೋನ್ ಅಳೆಯುವ ಕೆಲವು ಮಷಿನ್‌ಗಳಲ್ಲಿ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತಾರೆ. ನಮ್ಮ ರಕ್ತದಲ್ಲೂ ಅದೇ ತುಂಬಿಕೊಂಡಿದ್ದರೆ ಅಂಟುವ ಜಾಗವೆಲ್ಲ ಮೊದಲೇ ಭರ್ತಿಯಾಗಿ ಲೆಕ್ಕ ತಪ್ಪುತ್ತದೆ. ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಟಿ4 ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಎಲ್ಲ ಮಷಿನ್‌ನಲ್ಲೂ ಹೀಗಾಗುವುದಿಲ್ಲ. ಆದರೆ ನಮ್ಮ ರಕ್ತ ಯಾವ ಮಷಿನ್ನಿಗೆ ಹೋಗುತ್ತದೆ ಅಂತ ನಮಗೇನು ಗೊತ್ತು? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಮನುಷ್ಯರಿಗೆ ದಿನಕ್ಕೆ ಬೇಕಾದ ಬಯೋಟಿನ್ 30 ಮೈಕ್ರೋಗ್ರಾಂ, ನನ್ನ ಮಾತ್ರೆಯಲ್ಲಿದ್ದದ್ದು 10,000.

ನಾಲ್ಕು ದಿನ ಬಿಟ್ಟು ಹೋದೆ. ಟಿಎಸ್‌ಎಚ್ 9.4 ಬಂತು.

ಆ ಕಾಗದ ಹಿಡಿದು ಮೆಟ್ಟಿಲ ಮೇಲೇ ಕೂತು ಅತ್ತೆ. ಅಕ್ಕ ಬಂದು ಪಕ್ಕದಲ್ಲಿ ಕೂತರು. ಸಮಾಧಾನದ ಮಾತು ಏನೂ ಆಡಲಿಲ್ಲ. ಶಿವಮೊಗ್ಗದಲ್ಲಿ ಹಾರ್ಮೋನ್ ಡಾಕ್ಟರು ಯಾವ್ಯಾವ ದಿನ ಸಿಗುತ್ತಾರೆ ಅಂತ ಚೀಟಿಯಲ್ಲಿ ಬರೆದುಕೊಟ್ಟರು.

ಶಿವಮೊಗ್ಗದ ಡಾಕ್ಟರು ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ನೋಡಿ, ಡೋಸ್ ಮತ್ತೆ 75 ಮಾಡಿದರು, ಆಮೇಲೆ 88. ಮಾತ್ರೆ ಹಾಕಿಕೊಳ್ಳುತ್ತಾ ಮಗುವಿಗೆ ಪ್ರಯತ್ನ ಪಡುವವರಿಗೆ ಟಿಎಸ್‌ಎಚ್ 2.5ರ ಒಳಗೆ ಇರಬೇಕಂತೆ. ಬಸಿರಿನ ಮೊದಲ ಮೂರು ತಿಂಗಳು ಹೊಟ್ಟೆಯಲ್ಲಿರುವ ಮಗುವಿಗೆ ಸ್ವಂತ ಥೈರಾಯ್ಡ್ ಹೆಚ್ಚುಕಡಿಮೆ ಕೆಲಸ ಮಾಡುವುದಿಲ್ಲ, ತಾಯಿಯ ಹಾರ್ಮೋನನ್ನೇ ನಂಬಿಕೊಂಡಿರುತ್ತದೆ. ಬಸಿರಾಗಿದ್ದು ಗೊತ್ತಾದ ದಿನದಿಂದಲೇ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ನುಂಗಿ, ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ತಕ್ಷಣ ರಕ್ತ ಕೊಡಿ ಅಂತ ನನಗೆ ಹೇಳಿಟ್ಟಿದ್ದಾರೆ. ಇದು ನನ್ನ ಡಾಕ್ಟರು ನನಗೆ ಹೇಳಿದ್ದು, ನೀವು ನಿಮ್ಮವರನ್ನು ಕೇಳಿಕೊಳ್ಳಿ.

ಆಗಿನಿಂದ ಆರಾರು ವಾರಕ್ಕೊಮ್ಮೆ ಈ ಮೆಟ್ಟಿಲು ಹತ್ತುತ್ತಿದ್ದೇನೆ. ಡೋಸ್ ಬದಲಾದ ಮೇಲೆ ಅಷ್ಟು ದಿನ ಬಿಡದೆ ಟೆಸ್ಟ್ ಮಾಡಿಸಿದರೆ ಪ್ರಯೋಜನವಿಲ್ಲ, ಈ ಹಾರ್ಮೋನ್ ಮೈಯಲ್ಲಿ ನೆಲೆ ನಿಲ್ಲುವುದು ನಿಧಾನ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆಯುತ್ತಾರೆ, ಏಳೂಕಾಲಿಗೆ ಹೋದರೆ ಶಾಲೆಯ ಪ್ರಾರ್ಥನೆಗೆ ಮುಟ್ಟಬಹುದು. ಟಿಎಸ್‌ಎಚ್ ಒಂದಕ್ಕೆ ನನ್ನಿಂದ 250 ರೂಪಾಯಿ ತೆಗೆದುಕೊಂಡಿದ್ದಾರೆ. ರಕ್ತ ತೆಗೆದ ಮೇಲೆ ನೀರು ಕೊಟ್ಟು, ತಂದ ಮಾತ್ರೆಯನ್ನು ಅಲ್ಲೇ ನುಂಗಿಸುತ್ತಾರೆ. ಹಳದಿ ಮುಚ್ಚಳದ ಟ್ಯೂಬಿನ ಮೇಲೆ ನಮ್ಮ ಕಣ್ಣೆದುರೇ ಹೆಸರು ಬರೆದು, ಓದಿ ಹೇಳಿ ಅನ್ನುತ್ತಾರೆ. ಆಮೇಲೆ ಐಸ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಹನ್ನೊಂದರ ಬಸ್ಸಿಗೆ ಶಿವಮೊಗ್ಗಕ್ಕೆ ಕಳಿಸುತ್ತಾರೆ. ಮಾರನೇ ದಿನ ಸಂಜೆ ವಾಟ್ಸಾಪಿಗೆ ರಿಪೋರ್ಟ್ ಬರುತ್ತದೆ, ಒಮ್ಮೆ ಮಾತ್ರ ಮೂರು ದಿನ ತಡವಾಯಿತು.

ದೂರೂ ಇದೆ. ಕೌಂಟರಿನಲ್ಲಿ ಕೂರುವ ಹುಡುಗ ಹೆಸರಿನ ಜೊತೆ ಟೆಸ್ಟನ್ನೂ ಜೋರಾಗಿ ಕೂಗುತ್ತಾನೆ. ನನ್ನ ಹೆಸರಿನ ಮುಂದೆ ಬೀಟಾ ಎಚ್‌ಸಿಜಿ, ಅಂದರೆ ಬಸಿರಿನ ಟೆಸ್ಟು, ಅಂತ ಕೂಗಿದ ದಿನ ಬೆಂಚಿನ ಮೇಲೆ ನನ್ನ ವಿದ್ಯಾರ್ಥಿಯ ತಾಯಿ ಕೂತಿದ್ದರು. ಸಂಜೆ ತರಕಾರಿ ಅಂಗಡಿಯಲ್ಲಿ ಅವರ ಮುಖದಲ್ಲಿ ನಗು, ನನ್ನ ಫೋನಿನಲ್ಲಿ ನೆಗೆಟಿವ್ ರಿಪೋರ್ಟು. ಸಣ್ಣ ಊರಿನಲ್ಲಿ ಇದು ಸಣ್ಣ ತಪ್ಪಲ್ಲ. ಟೋಕನ್ ನಂಬರ್ ಕೊಟ್ಟು ಕರೆಯಿರಿ ಅಂತ ಎರಡು ಸಲ ಹೇಳಿದ್ದೇನೆ, ಇನ್ನೂ ಆಗಿಲ್ಲ. ಮಂಡಿನೋವಿನವರು ಆ ಮೆಟ್ಟಿಲು ಹತ್ತಲಾರರು. ಭಾನುವಾರ ಬಾಗಿಲು ಹಾಕಿರುತ್ತದೆ.

ಮನೆಯಲ್ಲಿ ಬದಲಾಗಿದ್ದೂ ಇದೆ. ಮೊದಲು ಮಾತ್ರೆಯ ಬೆನ್ನಿಗೇ ಕಾಫಿ ಕುಡಿಯುತ್ತಿದ್ದೆ. ಕಾಫಿ ಜೊತೆಗಿದ್ದರೆ ಮಾತ್ರೆ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳಿಗಂತೂ ನಾಲ್ಕು ಗಂಟೆ ಅಂತರ ಬೇಕು. ಇದನ್ನೂ ಮೊದಲು ಹೇಳಿದ್ದು ಆ ಅಕ್ಕನೇ. ಈಗ ನಮ್ಮತ್ತೆ ನಾನು ಮಾತ್ರೆ ನುಂಗಿದ್ದನ್ನು ನೋಡಿ, ಗಡಿಯಾರ ನೋಡಿ, ಒಂದು ಗಂಟೆ ಬಿಟ್ಟೇ ಹಾಲು ಒಲೆಗಿಡುತ್ತಾರೆ. ಅಲ್ಲಿಯವರೆಗೆ ತಾವೂ ಕುಡಿಯುವುದಿಲ್ಲ.

ಹೋದ ವಾರದ ರಿಪೋರ್ಟಿನಲ್ಲಿ ಟಿಎಸ್‌ಎಚ್ 2.1. ಮುಟ್ಟು ಮೂವತ್ತು ದಿನಕ್ಕೆ ಬಂದಿದೆ. ಮಗು ಇನ್ನೂ ನಿಂತಿಲ್ಲ. ಇನ್ನು ಆರು ವಾರ ಬಿಟ್ಟು ಹೋಗಬೇಕು, ಡೇಟ್ ತಪ್ಪಿದರೆ ಅದಕ್ಕೂ ಮೊದಲೇ, ಅವತ್ತೇ ಏಳೂಕಾಲಿಗೆ.