ಸ್ಟಾಪ್‌ವಾಚ್ ಬಟನ್ ಓದುವ ಮೂರು ದಾರಿ: ನನ್ನ ಓಟು ಟೈಮರ್ ಟಿಕ್‌ಗೆ

8051 ಚಿಪ್‌ನಲ್ಲಿ ಸ್ಟಾಪ್‌ವಾಚ್ ಮಾಡುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಬಟನ್‌ಗೆ ಇಂಟರಪ್ಟ್ (ಒತ್ತಿದ ಕೂಡಲೇ ನಡೆಯುತ್ತಿರುವ ಕೆಲಸ ತಡೆದು ಚಿಪ್‌ನ್ನು ಕರೆಯುವ ವ್ಯವಸ್ಥೆ) ಕೊಡಬೇಡಿ. ಟೈಮರ್ ಹೊಡೆಯುವ ಪ್ರತಿ ಟಿಕ್‌ಗೆ ಒಮ್ಮೆ ಬಟನ್ ಕಡೆ ನೋಡಿ, ಸಾಕು. ಧಾರವಾಡದಲ್ಲಿ ನಮ್ಮ ಓಣಿಯ ಮಕ್ಕಳ ಓಟದ ಅಭ್ಯಾಸಕ್ಕೆ ನಾನು ಮಾಡಿಕೊಟ್ಟ ಗಡಿಯಾರ ಈಗ ಹಾಗೇ ನಡೆಯುತ್ತಿದೆ. ಅದರ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ಲೂಪ್‌ನಲ್ಲಿ ಪೋಲಿಂಗ್, ಎಕ್ಸ್‌ಟರ್ನಲ್ ಇಂಟರಪ್ಟ್, ಟೈಮರ್ ಟಿಕ್ ಈ ಮೂರನ್ನೂ ಒಂದೇ ಬೋರ್ಡಿನ ಮೇಲೆ, ಅದೇ ಬಟನ್ ಇಟ್ಟು ನೋಡಿದ ಮೇಲೆ ಬರೆಯುತ್ತಿದ್ದೇನೆ.

ಸಾಮಾನು ಹುಬ್ಬಳ್ಳಿಯಿಂದ ತಂದದ್ದು. 8051 ಜಾತಿಯ ಎಟಿ89ಎಸ್52 ಚಿಪ್, ಅದಕ್ಕೆ ತಾಳ ಕೊಡುವ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್, ನಾಲ್ಕು ಅಂಕಿಯ ಸೆವೆನ್ ಸೆಗ್ಮೆಂಟ್ ಡಿಸ್‌ಪ್ಲೇ. 99.99 ಸೆಕೆಂಡಿನ ತನಕ ತೋರಿಸುತ್ತದೆ. 100, 200 ಮೀಟರ್ ಓಟಕ್ಕೆ ಧಾರಾಳ. ನಾಲ್ಕು ಕಾಲಿನ ಪುಟ್ಟ ಬಟನ್ ಹೆಬ್ಬೆರಳಿಗೆ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಸ್ಪ್ರಿಂಗ್ ಇರುವ ದೊಡ್ಡ ಪುಶ್ ಬಟನ್ ತಂದೆ. ಒತ್ತಲು ಬಹಳ ಹಿತ. ಆದರೆ ಒಳಗೆ ಅದು ಪುಟ್ಟ ಬಟನ್‌ಗಿಂತ ಜಾಸ್ತಿ ಕುಣಿಯುತ್ತದೆ. ಮೂರು ದಾರಿಗಳ ನಡುವಿನ ಫರಕು ಗೊತ್ತಾದದ್ದೇ ಈ ಕುಣಿತದಿಂದ.

ಪೋಲಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಟನ್ ನೋಡು, ಒತ್ತಿದ್ದರೆ 20 ಮಿಲಿಸೆಕೆಂಡ್ ಡಿಲೇ ಹಾಕು, ಮತ್ತೆ ನೋಡು. ಒಂದು ಎಲ್‌ಇಡಿ ಹಚ್ಚಿ ಆರಿಸಲು ಇಷ್ಟು ಸಾಕು. ಇಲ್ಲಿ ನಾಲ್ಕು ಅಂಕಿಗಳನ್ನು ಚಿಪ್ ಸರದಿಯಂತೆ ಒಂದೊಂದಾಗಿ ಹಚ್ಚಬೇಕು. ಆ ಡಿಲೇ ನಡೆಯುವಷ್ಟು ಹೊತ್ತು ಸರದಿ ನಿಂತು ಒಂದೇ ಅಂಕಿ ಉರಿಯುತ್ತದೆ, ಉಳಿದ ಮೂರು ಆರುತ್ತವೆ. ಪ್ರತಿ ಒತ್ತಿಗೂ ಡಿಸ್‌ಪ್ಲೇ ಮಿಟುಕುತ್ತದೆ.

ಇನ್ನು ಇಂಟರಪ್ಟ್. ಕಾಗದದ ಮೇಲೆ ಇದರಷ್ಟು ಚುರುಕು ಯಾವುದೂ ಇಲ್ಲ. ಬೇರೆ ಇಂಟರಪ್ಟ್ ನಡೆಯದೇ ಇದ್ದರೆ 8051 ಮೂರರಿಂದ ಒಂಬತ್ತು ಮಷಿನ್ ಸೈಕಲ್ (ಚಿಪ್‌ನ ಕೆಲಸದ ಒಂದೊಂದು ಹೆಜ್ಜೆ) ಒಳಗೆ ಸ್ಪಂದಿಸುತ್ತದೆ. ಈ ಕ್ರಿಸ್ಟಲ್‌ನಲ್ಲಿ ಅದು 10 ಮೈಕ್ರೋಸೆಕೆಂಡಿಗೂ ಕಡಿಮೆ. ತೊಂದರೆ ಇರುವುದೇ ಆ ಚುರುಕಿನಲ್ಲಿ. ಬಟನ್ ಒಳಗಿನ ಲೋಹದ ತುಂಡುಗಳು ಒಂದೇ ಸಲ ಕೂಡುವುದಿಲ್ಲ. ಕೆಲವು ಮಿಲಿಸೆಕೆಂಡ್ ತಾಗಿ ಬಿಟ್ಟು, ತಾಗಿ ಬಿಟ್ಟು ಕೊನೆಗೆ ನಿಲ್ಲುತ್ತವೆ. ಇದಕ್ಕೇ ಬೌನ್ಸ್ ಅನ್ನುವುದು. ಚಿಪ್ ಪ್ರತಿ ತಾಗುವಿಕೆಯನ್ನೂ ಹೊಸ ಒತ್ತು ಅಂತ ಎಣಿಸುತ್ತದೆ. ನನ್ನ ಗಡಿಯಾರದಲ್ಲಿ ಸ್ಟಾರ್ಟ್‌ಗೂ ಸ್ಟಾಪ್‌ಗೂ ಒಂದೇ ಬಟನ್. ಎಣಿಕೆ ಬೆಸ ಬಂದರೆ ನಿಲ್ಲುತ್ತದೆ, ಸಮ ಬಂದರೆ ಓಡುತ್ತಲೇ ಇರುತ್ತದೆ. ‘ಒತ್ತೀನ್ರೀ, ಆದ್ರೂ ನಿಂದ್ರವಲ್ದು’ ಅಂತ ಪಿಟಿ ಮಾಸ್ತರು ಹೇಳಿದ್ದು ಇದನ್ನೇ.

ಇದಕ್ಕೆ ಎಲ್ಲರೂ ಹೇಳುವ ಔಷಧ ಅಂದರೆ, ಒಂದು ಇಂಟರಪ್ಟ್ ಬಂದ ಕೂಡಲೇ 50 ಮಿಲಿಸೆಕೆಂಡ್ ಅದನ್ನು ಬಂದ್ ಮಾಡಿ, ಆಮೇಲೆ ತೆರೆಯುವುದು. ಹಾಗೆ ಮಾಡಿದರೂ ನಿಲ್ಲಿಸಿದ ಗಡಿಯಾರ 50 ಮಿಲಿಸೆಕೆಂಡ್ ಆದ ಮೇಲೆ ತಾನೇ ಮತ್ತೆ ಓಡುತ್ತದೆ! ಕಾರಣ ಇದು: ಇಂಟರಪ್ಟ್ ಬಂದ್ ಇದ್ದರೂ ಅದರ ಫ್ಲ್ಯಾಗ್, ಅಂದರೆ ಕರೆ ಬಂದಿದೆ ಅಂತ ಗುರುತು ಇಡುವ ಬಿಟ್, ಕೆಲಸ ಮಾಡುತ್ತಲೇ ಇರುತ್ತದೆ. ಬೌನ್ಸ್ ಬಂದಾಗ ಫ್ಲ್ಯಾಗ್ ಏಳುತ್ತದೆ, ಬಾಗಿಲು ತೆರೆದ ತಕ್ಷಣ ಒಳಗೆ ನುಗ್ಗುತ್ತದೆ. ತೆರೆಯುವ ಮೊದಲು ಆ ಫ್ಲ್ಯಾಗ್ (ಹೆಸರು ಐಇ0) ಅಳಿಸಲೇಬೇಕು.

ಅದನ್ನು ಅಳಿಸಿದ ಮೇಲೂ ಒಂದು ಉಳಿಯಿತು. ಬೆರಳು ಎತ್ತುವಾಗಲೂ ಬಟನ್ ಕುಣಿಯುತ್ತದೆ. ನಾನು ಮೇಜಿನ ಮೇಲೆ ಟಕ್ಕನೆ ಒತ್ತಿ ಬಿಟ್ಟರೆ ಎಲ್ಲಾ ಸರಿ, ಏಕೆಂದರೆ ಅಷ್ಟರಲ್ಲಿ ಬಾಗಿಲು ಬಂದ್ ಇರುತ್ತದೆ. ಮಾಸ್ತರು ಹಾಗೆ ಒತ್ತುವುದಿಲ್ಲ. ಗೆರೆ ದಾಟುವ ಹುಡುಗನ ಮೇಲೆ ಕಣ್ಣಿಟ್ಟು ಬಟನ್ ಗಟ್ಟಿಯಾಗಿ ಹಿಡಿದೇ ಇರುತ್ತಾರೆ. ಅವರು ಬೆರಳು ಎತ್ತುವಾಗ ಬಾಗಿಲು ತೆರೆದಿರುತ್ತದೆ, ಆ ಕುಣಿತಕ್ಕೆ ಗಡಿಯಾರ ಮತ್ತೆ ಶುರು. ಮೈದಾನದಲ್ಲಿ ಮಾತ್ರ ಕಾಣುವ ಇಂಥ ದೋಷ ಹಿಡಿಯಲು ಬಹಳ ತ್ರಾಸು. ಬಟನ್ ನಿಜವಾಗಿ ಬಿಟ್ಟಿದೆಯಾ ಅಂತ ಖಾತ್ರಿ ಮಾಡಿಕೊಳ್ಳಲು ಕೊನೆಗೆ ಟೈಮರ್ ಬೇಕೇ ಬೇಕಾಯಿತು. ಟೈಮರ್ ಬೇಕಾದ ಮೇಲೆ ಈ ಇಂಟರಪ್ಟ್ ಯಾಕೆ? ಮೇಲಾಗಿ ಎಕ್ಸ್‌ಟರ್ನಲ್ ಇಂಟರಪ್ಟ್ ಇರುವುದೇ ಎರಡು ಪಿನ್‌ಗೆ. ಲ್ಯಾಪ್, ರಿಸೆಟ್ ಸೇರಿದರೆ ಮೂರು ಬಟನ್.

ಟಿಕ್ ದಾರಿ ಹೀಗಿದೆ. ಈ ಚಿಪ್‌ನಲ್ಲಿ ಒಂದು ಮಷಿನ್ ಸೈಕಲ್‌ಗೆ ಕ್ರಿಸ್ಟಲ್‌ನ 12 ಕ್ಲಾಕ್ (ಮಿಡಿತ). ಅಂದರೆ ಸೆಕೆಂಡಿಗೆ 9,21,600 ಸೈಕಲ್. 2304 ಎಣಿಸಿದರೆ ಸರಿಯಾಗಿ 2.5 ಮಿಲಿಸೆಕೆಂಡ್, ಚೂರೂ ಹೆಚ್ಚುಕಡಿಮೆ ಇಲ್ಲ. ಟೈಮರ್ 2 ಎಣಿಕೆ ಮುಗಿದ ಕೂಡಲೇ ತಾನೇ ರೀಲೋಡ್ ಆಗಿ ಮತ್ತೆ ಮೊದಲಿನಿಂದ ಎಣಿಸುವುದರಿಂದ ಸೈಕಲ್ ಕಳೆದುಹೋಗುವುದಿಲ್ಲ. ಪ್ರತಿ ಟಿಕ್‌ಗೆ ಒಂದು ಅಂಕಿ ಹಚ್ಚಿದರೆ ನಾಲ್ಕೂ ಅಂಕಿ ಸೆಕೆಂಡಿಗೆ 100 ಸಲ ಬರುತ್ತವೆ, ಮಿಟುಕುವುದಿಲ್ಲ. ನಾಲ್ಕು ಟಿಕ್‌ಗೆ ಸೆಕೆಂಡಿನ ನೂರನೇ ಭಾಗ ಒಂದು ಏರುತ್ತದೆ. ಬಟನ್ ಸ್ಥಿತಿಯನ್ನು ಪ್ರತಿ ಟಿಕ್‌ಗೂ ಒಂದು ಬೈಟ್‌ನೊಳಗೆ ಒಂದು ಬಿಟ್ ಆಗಿ ತಳ್ಳುತ್ತೇನೆ. ಒತ್ತಿದ್ದರೆ ಸೊನ್ನೆ, ಬಿಟ್ಟಿದ್ದರೆ ಒಂದು. ಎಂಟೂ ಬಿಟ್ ಸೊನ್ನೆ ಆದರೆ ಒತ್ತಿದ್ದು ನಿಜ. ಎಂಟೂ ಒಂದು ಆಗುವ ತನಕ ಮುಂದಿನ ಒತ್ತು ಲೆಕ್ಕಕ್ಕೆ ಇಲ್ಲ. ಮಾಸ್ತರು ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಳ್ಳಲಿ.

ಎಂಟು ಸಲ ನೋಡುವಷ್ಟರಲ್ಲಿ ಸುಮಾರು 20 ಮಿಲಿಸೆಕೆಂಡ್ ತಡ ಆಗುತ್ತದೆ ಅಲ್ವಾ? ಆಗುತ್ತದೆ. ಆದರೆ ಸ್ಟಾರ್ಟ್‌ಗೂ ಅಷ್ಟೇ ತಡ, ಸ್ಟಾಪ್‌ಗೂ ಅಷ್ಟೇ. ಕಳೆದಾಗ ಎರಡೂ ಹೋಗುತ್ತವೆ. ಸ್ಟಾಪ್‌ವಾಚ್ ಬಟನ್ ಬೇಗ ಸ್ಪಂದಿಸುವುದಕ್ಕಿಂತ ಪ್ರತಿ ಸಲ ಒಂದೇ ಸಮ ಸ್ಪಂದಿಸುವುದು ಮುಖ್ಯ. ಟ್ರ್ಯಾಕ್ ಓಟದಲ್ಲಿ ಕೈಗಡಿಯಾರದ ಸಮಯವನ್ನು ನಿಯಮದ ಪ್ರಕಾರ ಮುಂದಿನ ಹತ್ತನೇ ಭಾಗಕ್ಕೆ ಏರಿಸಿಯೇ ಬರೆಯುತ್ತಾರೆ. 11.43 ಬಂದರೆ 11.5. ಹತ್ತು ಮೈಕ್ರೋಸೆಕೆಂಡಿನ ಚುರುಕು ಅಲ್ಲಿ ಯಾರಿಗೂ ಬೇಕಿಲ್ಲ.

74ಎಚ್‌ಸಿ14 ಚಿಪ್, ಪ್ರತಿ ಬಟನ್‌ಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಹೊರಗೇ ಬೌನ್ಸ್ ತೆಗೆಯಬಹುದು. ಚೆನ್ನಾಗಿದೆ, ಆದರೆ ಸುಮ್ನೆ ಖರ್ಚು, ಬೆಸುಗೆಯೂ ಜಾಸ್ತಿ. ಆರ್ಡುಯಿನೊ ಯುನೊ ಆರ್3 ಬೋರ್ಡ್ ಇರುವವರೂ ಟಿಕ್ ದಾರಿಯನ್ನೇ ಹಿಡಿಯಬಹುದು. 16 ಮೆಗಾಹರ್ಟ್ಸ್, ಪ್ರೀಸ್ಕೇಲರ್ (ಕ್ಲಾಕ್ ಭಾಗಿಸುವ ಸಂಖ್ಯೆ) 64, ಟೈಮರ್ 1ರಲ್ಲಿ 250 ಎಣಿಸಿದರೆ 1 ಮಿಲಿಸೆಕೆಂಡ್. ಆದರೆ ಅದರ ಮುಖ್ಯ ಚಿಪ್‌ಗೆ ಇರುವುದು ಸೆರಾಮಿಕ್ ರೆಸೋನೇಟರ್, ಅದು ಕ್ರಿಸ್ಟಲ್‌ನಷ್ಟು ನಿಖರ ಅಲ್ಲ. ಓಟದ ಸಮಯಕ್ಕೆ ನನಗೆ ಕ್ರಿಸ್ಟಲ್ಲೇ ಬೇಕು.

ನಾನು ಖರ್ಚು ಹಿಡಿದು ಮಾಡುವವನು, ಒಂದು ಭಾಗ ಉಳಿದರೂ ಖುಷಿ. ಟಿಕ್ ಇದ್ದರೆ ಬಟನ್ ಎಷ್ಟು ಹೊತ್ತು ಒತ್ತಿದೆ ಅಂತಲೂ ಎಣಿಸಬಹುದು. ನಿಂತ ಗಡಿಯಾರದಲ್ಲಿ ಲ್ಯಾಪ್ ಬಟನ್ 800 ಟಿಕ್, ಅಂದರೆ ಎರಡು ಸೆಕೆಂಡ್ ಹಿಡಿದರೆ ರಿಸೆಟ್ ಆಗುವಂತೆ ಬರೆದೆ. ಮೂರನೇ ಬಟನ್ ಬೇಕಾಗಲೇ ಇಲ್ಲ. ಡಬ್ಬಿಗೆ ಎರಡೇ ತೂತು ಸಾಕಾದವು.